ಬಟನ್‌ಗೊಂದು ಹೆಸರಿಡಿ: ಆ್ಯಪ್ ಪರೀಕ್ಷಿಸುವ ಯಂತ್ರಗಳ ನಲವತ್ತು ವರ್ಷದ ಕಥೆ

ಈ ಎಪಿಸೋಡ್ ಕೇಳೋಕೆ ನೀವು ಫೋನಿನಲ್ಲಿ ಒಂದು ಪ್ಲೇ ಬಟನ್ ಒತ್ತಿರ್ತೀರಿ. ಆ ಬಟನ್ ಒತ್ತಿದವರಲ್ಲಿ ಬಹುಶಃ ನೀವು ಮೊದಲಿಗರಲ್ಲ. ಆ್ಯಪ್ ನಿಮ್ಮ ಕೈಗೆ ಬರೋ ಮುಂಚೆ, ಎಲ್ಲೋ ಒಂದು ಕಂಪ್ಯೂಟರ್‌ನಲ್ಲಿ ಕೂತ ಪ್ರೋಗ್ರಾಮ್ ಅದೇ ಬಟನ್ನನ್ನು ರಾತ್ರಿಯಿಡೀ ಒತ್ತಿ ಒತ್ತಿ ನೋಡಿರುತ್ತೆ. ಧ್ವನಿ ಶುರುವಾಯ್ತಾ, ನಿಂತಿತಾ, ಮತ್ತೆ ಶುರುವಾಯ್ತಾ ಅಂತ ಪರೀಕ್ಷೆ ಮಾಡಿರುತ್ತೆ. ಇದಕ್ಕೆ ಟೆಸ್ಟ್ ಆಟೊಮೇಷನ್ ಅಂತಾರೆ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡೋ ಸಾವಿರಾರು ಜನ ಇದ್ದಾರೆ. ಈಗ ಮೆಟ್ರೊದಲ್ಲಿ ನಿಂತು ಇದನ್ನ ಕೇಳ್ತಿರೋರಲ್ಲೂ ಕೆಲವರು ಇರಬಹುದು.

ನನ್ನನ್ನ ಬಹಳ ದಿನದಿಂದ ಕಾಡ್ತಿದ್ದ ಪ್ರಶ್ನೆ ಒಂದಿದೆ. ಆ ಪ್ರೋಗ್ರಾಮ್‌ಗೆ ಬೆರಳಿಲ್ಲ, ಸರಿ. ಆದರೆ ಅದಕ್ಕೆ ಕಣ್ಣೂ ಇಲ್ಲವಲ್ಲ. ಹಾಗಾದರೆ ಸ್ಕ್ರೀನ್ ಮೇಲೆ ಬಟನ್ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಇದರ ಬೆನ್ನು ಹತ್ತಿ ಹೋದಾಗ ನಲವತ್ತು ವರ್ಷದ ಒಂದು ಇತಿಹಾಸ ಸಿಕ್ಕಿತು. ಆ ಇತಿಹಾಸದ ನಟ್ಟನಡುವೆ ನಾನು ಯೋಚನೆಯೇ ಮಾಡಿರದ ಜನ ಇದ್ದರು. ಅವರು ಕಣ್ಣು ಕಾಣದ ಕಂಪ್ಯೂಟರ್ ಬಳಕೆದಾರರು. ಇವತ್ತು ಯಂತ್ರಗಳು ಬಟನ್ ಹುಡುಕೋ ದಾರಿ ಇದೆಯಲ್ಲ, ಅದರ ಬಹುಪಾಲು ಅವರಿಗಾಗಿ ಕಡಿದ ದಾರಿ. ಆದರೆ ಅವರಿಗೆ ಸಲ್ಲಬೇಕಾದ್ದು ಪೂರ್ತಿ ಸಂದಿಲ್ಲ. ಇವತ್ತಿನ ಕಥೆ ಅದೇ.

ಮೊದಲು 1983ಕ್ಕೆ ಹೋಗೋಣ. ಕ್ಯಾಲಿಫೋರ್ನಿಯಾದಲ್ಲಿ ಆ್ಯಪಲ್ ಕಂಪನಿಯವರು ಮ್ಯಾಕಿಂಟೋಷ್ ಅನ್ನೋ ಕಂಪ್ಯೂಟರ್ ತಯಾರು ಮಾಡ್ತಾ ಇದ್ದರು. 1984ರ ಜನವರಿಯಲ್ಲಿ ಅದು ಮಾರುಕಟ್ಟೆಗೆ ಬಂತು. ಅದರ ಮೆಮೊರಿ ಎಷ್ಟು ಗೊತ್ತಾ? 128 ಕಿಲೋಬೈಟ್. ಇವತ್ತು ನೀವು ವಾಟ್ಸ್ಆ್ಯಪ್‌ನಲ್ಲಿ ಕಳಿಸೋ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸೋದು ಕಷ್ಟ. ಮೆಮೊರಿ ತುಂಬಿದಾಗ ಪ್ರೋಗ್ರಾಮ್‌ಗಳು ಹೇಗೆ ನಡ್ಕೊಳ್ತವೆ ಅನ್ನೋದೇ ಇಂಜಿನಿಯರ್‌ಗಳಿಗೆ ದೊಡ್ಡ ತಲೆನೋವಾಗಿತ್ತು.

ಅಲ್ಲಿ ಸ್ಟೀವ್ ಕ್ಯಾಪ್ಸ್ ಅಂತ ಒಬ್ಬ ಪ್ರೋಗ್ರಾಮರ್ ಇದ್ದರು. ಹೊಸದಾಗಿ ಮ್ಯಾಕ್ ಕೊಂಡವರಿಗೆ ಪರಿಚಯ ಮಾಡಿಕೊಡೋಕೆ ಅಂತ, ಮೌಸ್ ಚಲನೆಗಳನ್ನ ರೆಕಾರ್ಡ್ ಮಾಡಿ ಮತ್ತೆ ಓಡಿಸೋ ಒಂದು ವ್ಯವಸ್ಥೆ ಆ ಕಂಪ್ಯೂಟರ್‌ನಲ್ಲಿ ಇತ್ತು. ಕ್ಯಾಪ್ಸ್ ಅದೇ ವ್ಯವಸ್ಥೆ ಬಳಸಿ, ರೆಕಾರ್ಡ್ ಮಾಡಿದ್ದರ ಬದಲು ಮನಬಂದಂತೆ ಕ್ಲಿಕ್‌ಗಳನ್ನ, ಅಕ್ಷರಗಳನ್ನ ಕಳಿಸೋ ಪುಟ್ಟ ಪ್ರೋಗ್ರಾಮ್ ಬರೆದರು. ಅದರ ಹೆಸರು ‘ಮಂಕಿ’. ಕೀಬೋರ್ಡ್ ಮುಂದೆ ಒಂದು ಮಂಗ ಕೂತಿದೆಯೇನೋ ಅನ್ನೋ ಹಾಗೆ ಮೆನುಗಳು ತಂತಾನೇ ತೆರ್ಕೊಳ್ತಿದ್ದವು, ಗೆರೆಗಳು ಬೀಳ್ತಿದ್ದವು, ಕಿಟಕಿಗಳು ಓಡಾಡ್ತಿದ್ದವು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಅಂತೀವಲ್ಲ, ಇಲ್ಲಿ ಬೇಕಂತಲೇ ಕೊಟ್ಟಿದ್ದು! ಆದರೆ ಒಂದು ತೊಂದರೆ. ಮಂಗ ಸ್ವಲ್ಪ ಹೊತ್ತಿಗೇ ‘ಕ್ವಿಟ್’ ಒತ್ತಿ ಆಟ ಮುಗಿಸಿಬಿಡ್ತಿತ್ತು. ಅದಕ್ಕೆ ‘ಮಂಕಿ ಲಿವ್ಸ್’ ಅಂತ ಒಂದು ಗುರುತು ಇಟ್ಟರು. ಆ ಗುರುತು ಕಂಡರೆ ಮ್ಯಾಕ್‌ಪೇಂಟ್, ಮ್ಯಾಕ್‌ರೈಟ್ ಅಂಥ ಪ್ರೋಗ್ರಾಮ್‌ಗಳು ಕ್ವಿಟ್ ಮಾಡೋದನ್ನೇ ನಿಲ್ಲಿಸ್ತಿದ್ದವು. ಮಂಗ ಕುಣೀತಾನೇ ಇರ್ತಿತ್ತು.

ಆ ಮಂಗನ ವಂಶ ಇನ್ನೂ ಇದೆ. ಗೂಗಲ್‌ನ ಆಂಡ್ರಾಯ್ಡ್ ಡೆವಲಪರ್‌ಗಳಿಗೆ ಕೊಡೋ ಸಲಕರಣೆಗಳಲ್ಲಿ ‘ಮಂಕಿ’ ಅನ್ನೋ ಹೆಸರಿನದೇ ಒಂದಿದೆ. ಮಾಡೋದೂ ಅದನ್ನೇ. ಮನಬಂದಂತೆ ಟ್ಯಾಪ್, ಸ್ವೈಪ್ ಕಳಿಸುತ್ತೆ. ಒಂದು ಸಂಖ್ಯೆ ಕೊಟ್ಟರೆ ಅದೇ ಕುಣಿತವನ್ನ ಹಾಗೇ ಇನ್ನೊಮ್ಮೆ ಕುಣಿಯುತ್ತೆ, ಆಗ ಆ್ಯಪ್ ಎಲ್ಲಿ ಬಿತ್ತು ಅಂತ ಕಂಡುಹಿಡಿಯಬಹುದು.

ಆದರೆ ಮಂಗನಿಗೆ ಗೊತ್ತಾಗೋದು ಒಂದೇ ವಿಷಯ: ಆ್ಯಪ್ ಬಿತ್ತೋ, ನಿಂತಿದೆಯೋ. ‘ಹಣ ಕಳಿಸಿ’ ಒತ್ತಿದಾಗ ಹಣ ಸರಿಯಾದ ಖಾತೆಗೆ ಹೋಯ್ತಾ ಅಂತ ಅದು ಹೇಳಲ್ಲ. ‘ಹಣ ಕಳಿಸಿ’ ಅನ್ನೋ ಬಟನ್ ಇದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ನಿಜವಾದ ಪರೀಕ್ಷೆ ಮಾಡಬೇಕಾದರೆ ಒಂದು ನಿರ್ದಿಷ್ಟ ಬಟನ್ನನ್ನ ಹುಡುಕಿ ಒತ್ತಬೇಕು. ಹುಡುಕೋದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯೋ ಉತ್ತರ, ಅಳತೆ. ಸ್ಕ್ರೀನಿನ ಎಡ ಅಂಚಿನಿಂದ ಇಷ್ಟು ಚುಕ್ಕೆ, ಮೇಲಿನಿಂದ ಇಷ್ಟು ಚುಕ್ಕೆ, ಅಲ್ಲಿ ಒತ್ತು. ಮನುಷ್ಯ ಒಮ್ಮೆ ಮಾಡಿ ತೋರಿಸೋದು, ಯಂತ್ರ ಅದನ್ನ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಮಾಡೋದು. ನಮ್ಮಲ್ಲಿ ಊರಿಗೆ ಹೊಸಬರು ದಾರಿ ಕೇಳಿದಾಗ ‘ಬಸ್ ಸ್ಟ್ಯಾಂಡ್‌ನಿಂದ ನಲವತ್ತು ಹೆಜ್ಜೆ ನಡೀರಿ, ಬಲಕ್ಕೆ ತಿರುಗಿ ಹತ್ತು ಹೆಜ್ಜೆ’ ಅಂದ ಹಾಗೆ. ಬಸ್ ಸ್ಟ್ಯಾಂಡ್ ಸ್ಥಳ ಬದಲಾದರೆ ಮುಗೀತು, ನೀವು ಯಾರದೋ ಮನೆ ಬಾಗಿಲು ತಟ್ಟಿರ್ತೀರಿ.

ಫೋನುಗಳ ವಿಷಯದಲ್ಲಿ ಈ ಬಸ್ ಸ್ಟ್ಯಾಂಡ್ ದಿನಾ ಜಾಗ ಬದಲಾಯಿಸ್ತಿತ್ತು. 2007ರ ಮೊದಲ ಐಫೋನ್ ಸ್ಕ್ರೀನ್ 320 ಚುಕ್ಕೆ ಅಗಲ, 480 ಚುಕ್ಕೆ ಎತ್ತರ. 2008ರ ಮೊದಲ ಆಂಡ್ರಾಯ್ಡ್ ಫೋನಿನದೂ ಅಷ್ಟೇ. ಅಲ್ಲೇ ನಿಂತಿದ್ದರೆ ಅಳತೆಯ ಲೆಕ್ಕ ನಡೀತಿತ್ತೇನೋ. ಆದರೆ 2010ರಲ್ಲಿ ಐಫೋನ್ 4 ಬಂದಾಗ ಚುಕ್ಕೆಗಳ ಸಂಖ್ಯೆ 640, 960 ಆಯ್ತು. 2012ರ ಐಫೋನ್ 5 ಇನ್ನೂ ಉದ್ದವಾಗಿ 1136ಕ್ಕೆ ಹೋಯ್ತು. ಆಂಡ್ರಾಯ್ಡ್‌ನಲ್ಲಂತೂ ಕಂಪನಿಗೊಂದು ಸೈಜು, ಮಾಡೆಲ್‌ಗೊಂದು ಆಕಾರ. ಒಂದು ಫೋನಿಗೆ ಬರೆದ ಅಳತೆ ಇನ್ನೊಂದರಲ್ಲಿ ಖಾಲಿ ಜಾಗಕ್ಕೆ ಬೀಳ್ತಿತ್ತು. ಸುಮ್ಮನೆ ಅಕ್ಷರದ ಗಾತ್ರ ದೊಡ್ಡದು ಮಾಡ್ಕೊಂಡರೂ ಬಟನ್ ಕೆಳಗೆ ಜಾರುತ್ತೆ, ಟೆಸ್ಟ್ ಕೆಡುತ್ತೆ.

ಹಾಗಾಗಿ ಬೇಕಾಗಿದ್ದು ಅಳತೆ ಅಲ್ಲ, ಹೆಸರು. ‘ರಾಮಣ್ಣನ ಕಿರಾಣಿ ಅಂಗಡಿ ಯಾವುದು?’ ಅಂತ ಕೇಳಿದರೆ ಅಂಗಡಿ ಎಲ್ಲಿಗೆ ಶಿಫ್ಟ್ ಆಗಿದ್ದರೂ ಯಾರಾದರೂ ತೋರಿಸ್ತಾರೆ. ಬಟನ್‌ಗೂ ಅಂಥದ್ದೊಂದು ಹೆಸರು ಬೇಕಿತ್ತು, ಹೆಸರು ಹೇಳಿ ಕೇಳಿದರೆ ಉತ್ತರ ಕೊಡೋ ಒಂದು ವ್ಯವಸ್ಥೆ ಬೇಕಿತ್ತು. ಆ ವ್ಯವಸ್ಥೆ ಬಂದದ್ದು ಎಲ್ಲಿಂದ ಅಂತ ನೋಡೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರ ದಶಕದ ಕಂಪ್ಯೂಟರ್‌ಗಳನ್ನ ನೆನಪಿಸ್ಕೊಳ್ಳಿ. ಕಪ್ಪು ಸ್ಕ್ರೀನ್, ಅದರ ಮೇಲೆ ಬರೀ ಅಕ್ಷರ. ನಮ್ಮ ಕಣ್ಣಿಗೆ ಅದು ನೀರಸ. ಆದರೆ ದೃಷ್ಟಿ ಇಲ್ಲದವರಿಗೆ ಅದು ವರವಾಗಿತ್ತು. ಸ್ಕ್ರೀನ್ ಮೇಲೆ ಇರೋದೆಲ್ಲ ಅಕ್ಷರವೇ ಆದ್ದರಿಂದ, ಮೆಮೊರಿಯಿಂದ ಆ ಅಕ್ಷರಗಳನ್ನ ಎತ್ತಿ ಗಟ್ಟಿಯಾಗಿ ಓದಿಸಬಹುದಿತ್ತು. ಇದನ್ನ ಮಾಡೋ ಪ್ರೋಗ್ರಾಮ್‌ಗೆ ಸ್ಕ್ರೀನ್ ರೀಡರ್ ಅಂತ ಹೆಸರು. ಐಬಿಎಂನಲ್ಲಿ ಜಿಮ್ ಥ್ಯಾಚರ್ ಅನ್ನೋ ಗಣಿತಜ್ಞರು ಮಾಡಿದ ಸ್ಕ್ರೀನ್ ರೀಡರ್ ಮೊದಮೊದಲಿನವುಗಳಲ್ಲಿ ಒಂದು.

ಆಮೇಲೆ ಮೌಸ್, ಕಿಟಕಿ, ಐಕಾನ್ ಬಂದವು. ಕಣ್ಣಿದ್ದವರಿಗೆ ಕಂಪ್ಯೂಟರ್ ಸುಲಭವಾಯ್ತು. ಅಂಧರಿಗೆ ತೆರೆದಿದ್ದ ಬಾಗಿಲು ಮುಚ್ಚಿತು. ಯಾಕಂದ್ರೆ ಈಗ ಸ್ಕ್ರೀನ್ ಮೇಲೆ ‘ಸೇವ್’ ಅನ್ನೋ ಪದ ಇಲ್ಲ, ಆ ಪದದ ಆಕಾರದಲ್ಲಿ ಚುಕ್ಕೆಗಳಿವೆ ಅಷ್ಟೇ. ಫ್ಲಾಪಿಯ ಚಿತ್ರ ಇದ್ದರಂತೂ ಅದಕ್ಕೆ ಪದವೇ ಇಲ್ಲ. ಅಂಧರಲ್ಲಿ ಎಷ್ಟೋ ಜನಕ್ಕೆ ಮಾಡ್ತಿದ್ದ ಕೆಲಸ ಕೈ ತಪ್ಪೋ ಭಯ ಶುರುವಾಯ್ತು.

ಇದಕ್ಕೆ ಒಂದು ದಾರಿ ತೋರಿಸಿದ್ದು ಬರ್ಕ್ಲಿ ಸಿಸ್ಟಮ್ಸ್ ಅನ್ನೋ ಕಂಪನಿ. 1989ರಲ್ಲಿ ಮ್ಯಾಕಿಂಟೋಷ್‌ಗಾಗಿ ಅವರು ‘ಔಟ್‌ಸ್ಪೋಕನ್’ ಅನ್ನೋ ಸ್ಕ್ರೀನ್ ರೀಡರ್ ತಂದರು. ಉಪಾಯ ಏನಂದ್ರೆ, ಸ್ಕ್ರೀನ್ ಮೇಲೆ ಏನನ್ನಾದರೂ ಬರೆಯೋಕೆ ಪ್ರೋಗ್ರಾಮ್ ಕೊಡೋ ಆಜ್ಞೆಗಳನ್ನ ದಾರಿಯಲ್ಲೇ ಕದ್ದು ಕೇಳೋದು. ಇಲ್ಲಿ ಈ ಪದ ಬರೆದರು, ಅಲ್ಲಿ ಒಂದು ಚೌಕ ಎಳೆದರು ಅಂತ ಗುರುತು ಹಾಕ್ಕೊಂಡು, ಕಣ್ಣಿಗೆ ಕಾಣೋ ಸ್ಕ್ರೀನಿನ ಪಕ್ಕದಲ್ಲಿ ಕಾಣದ ಇನ್ನೊಂದು ಸ್ಕ್ರೀನ್ ಕಟ್ಟೋದು. ಕೆಲಸ ಆಗ್ತಿತ್ತು, ಆದರೆ ಊಹೆಯ ಮೇಲೆ ನಿಂತ ಕೆಲಸ.

ಕದ್ದು ಕೇಳೋದ್ಯಾಕೆ, ಬಟನ್‌ನ್ನೇ ನೇರವಾಗಿ ಕೇಳಿದರೆ ಆಗಲ್ವಾ? 1997ರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ 95ಕ್ಕೆ ‘ಆ್ಯಕ್ಟಿವ್ ಆ್ಯಕ್ಸೆಸಿಬಿಲಿಟಿ’ ಅನ್ನೋ ವ್ಯವಸ್ಥೆ ಕೊಟ್ಟಿತು. ಅದರ ತಿರುಳು ಸರಳ. ಸ್ಕ್ರೀನ್ ಮೇಲಿರೋ ಪ್ರತಿಯೊಂದು ವಸ್ತುವೂ ಕೇಳಿದಾಗ ತನ್ನ ಜಾತಕ ಹೇಳಬೇಕು. ನಿನ್ನ ಹೆಸರೇನು? ‘ಸೇವ್’. ನೀನು ಏನು? ಬಟನ್. ನಿನ್ನ ಸ್ಥಿತಿ? ಒತ್ತಬಹುದು. ಎಲ್ಲಿದ್ದೀಯ? ಇಂತಲ್ಲಿ. ಇವೆಲ್ಲ ಸೇರಿ ಒಂದು ವಂಶವೃಕ್ಷ ಆಗುತ್ತೆ. ಕಿಟಕಿಯೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬಟನ್.

ಈ ನಾಲ್ಕು ಪ್ರಶ್ನೆಗಳನ್ನ ಮತ್ತೊಮ್ಮೆ ನೋಡಿ. ಸ್ಕ್ರೀನ್ ರೀಡರ್‌ಗೆ ಬೇಕಾದ್ದು ಇವು. ಟೆಸ್ಟ್ ಮಾಡೋ ಪ್ರೋಗ್ರಾಮ್‌ಗೂ ಬೇಕಾದ್ದು ಇವೇ! ಇಬ್ಬರೂ ಸ್ಕ್ರೀನ್ ನೋಡದೆ ಬಟನ್ ಹುಡುಕೋರು. ಹಾಗಾಗಿ ಪರೀಕ್ಷಕರು ಈ ದಾರಿಗೆ ಬಂದರು. ಮೈಕ್ರೋಸಾಫ್ಟ್ ಆಮೇಲೆ ಇದರ ಜಾಗಕ್ಕೆ ತಂದ ಹೊಸ ವ್ಯವಸ್ಥೆಯ ಹೆಸರೇ ‘ಯುಐ ಆಟೊಮೇಷನ್’. ಅದು ಅಂಗವಿಕಲರ ಸಾಧನಗಳಿಗೂ ಹೌದು, ಪರೀಕ್ಷಾ ಪ್ರೋಗ್ರಾಮ್‌ಗಳಿಗೂ ಹೌದು ಅಂತ ಅವರೇ ಹೇಳ್ತಾರೆ. ಇಬ್ಬರಿಗೂ ಒಂದೇ ಬಾಗಿಲು.

ಇದೇ ಹೊತ್ತಿಗೆ ವೆಬ್‌ಸೈಟ್‌ಗಳ ಪರೀಕ್ಷೆಯಲ್ಲೂ ಒಂದು ಕಥೆ ನಡೀತಿತ್ತು, ಅದು ಮುಂದೆ ನಮ್ಮ ಫೋನಿಗೆ ಬರುತ್ತೆ. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗ್ಗಿನ್ಸ್ ಅನ್ನೋರು ಬ್ರೌಸರ್‌ನ ಬಟನ್‌ಗಳನ್ನ ತಾನೇ ಒತ್ತೋ ಸಾಧನ ಮಾಡಿದರು. ಹೆಸರು ಸೆಲೆನಿಯಂ. ಆಗ ಈ ವ್ಯಾಪಾರದಲ್ಲಿ ದೊಡ್ಡ ಕಂಪನಿ ಮರ್ಕ್ಯುರಿ ಇಂಟರಾಕ್ಟಿವ್. ಮರ್ಕ್ಯುರಿ ಅಂದರೆ ಪಾದರಸ, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಅನ್ನೋ ತಮಾಷೆಯಿಂದ ಬಂದ ಹೆಸರು ಅದು. ಉಚಿತವಾಗಿ ಸಿಗ್ತಿದ್ದ ಸೆಲೆನಿಯಂ ಜಗತ್ತಿನಾದ್ಯಂತ ಹಬ್ಬಿತು. ಅದರ ಆಜ್ಞೆಗಳ ರೀತಿ 2018ರಲ್ಲಿ ವೆಬ್‌ನ ಅಧಿಕೃತ ಮಾನದಂಡವೇ ಆಯ್ತು. ‘ಈ ಹೆಸರಿನದನ್ನ ಹುಡುಕು, ಒತ್ತು’. ಇಷ್ಟೇ ಅದರ ಮೂಲ ವ್ಯಾಕರಣ.

ಈಗ ಫೋನಿಗೆ ಬರೋಣ. ಟಚ್‌ಸ್ಕ್ರೀನ್ ಫೋನ್ ಬಂದಾಗ ಅಂಧರಿಗೆ ಮತ್ತೆ ಅದೇ ಭಯ. ಹಳೇ ಫೋನಿನಲ್ಲಿ ಕೀಲಿಗಳನ್ನ ಮುಟ್ಟಿ ನೋಡಬಹುದಿತ್ತು, ಐದರ ಮೇಲೆ ಒಂದು ಸಣ್ಣ ಉಬ್ಬು ಇರ್ತಿತ್ತು. ಈಗ ಬರೀ ನುಣುಪಾದ ಗಾಜು. ಇದಕ್ಕೆ ಉತ್ತರವಾಗಿ 2009ರಲ್ಲಿ ಐಫೋನ್ 3ಜಿಎಸ್ ಜೊತೆ ವಾಯ್ಸ್‌ಓವರ್ ಬಂತು. ಅದೇ ವರ್ಷ ಆಂಡ್ರಾಯ್ಡ್ 1.6ರ ಜೊತೆ ಟಾಕ್‌ಬ್ಯಾಕ್ ಬಂತು. ಬೆರಳು ಸರಿಸಿದ ಕಡೆ ಏನಿದೆ ಅಂತ ಫೋನ್ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ಅದು ಒತ್ತಿದ ಹಾಗೆ. ಇದು ಕೆಲಸ ಮಾಡಬೇಕಾದರೆ ಪ್ರತಿ ಬಟನ್‌ಗೂ ಹೆಸರು, ಪಾತ್ರ, ಸ್ಥಿತಿ, ಜಾಗ ಇರೋ ಆ ವಂಶವೃಕ್ಷ ಫೋನಿನೊಳಗೂ ಬೇಕು. ಅದು ಬಂತು.

ಪರೀಕ್ಷಕರು ಹಿಂದೆಯೇ ಬಂದರು. 2010ರಲ್ಲಿ ಐಒಎಸ್ 4ರ ಜೊತೆ ಆ್ಯಪಲ್ ಕೊಟ್ಟ ಪರೀಕ್ಷಾ ಸಾಧನ ಬಟನ್‌ಗಳನ್ನ ಗುರುತಿಸ್ತಿದ್ದದ್ದು ವಾಯ್ಸ್‌ಓವರ್ ಓದೋ ಲೇಬಲ್‌ನಿಂದಲೇ. 2012ರಲ್ಲಿ ಆಂಡ್ರಾಯ್ಡ್ 4.1ರ ಹೊತ್ತಿಗೆ ಗೂಗಲ್ ಕೊಟ್ಟ ಯುಐ ಆಟೊಮೇಟರ್ ನಿಂತಿರೋದೂ ಆ್ಯಕ್ಸೆಸಿಬಿಲಿಟಿ ವ್ಯವಸ್ಥೆಯ ಮೇಲೇ. ಅಂಧರಿಗೆ ಕಟ್ಟಿದ ಮೆಟ್ಟಿಲ ಮೇಲೆ ರೋಬೋಟ್ ಹತ್ತಿ ಬಂತು ಅಂತ ಬೇಕಾದರೆ ಹೇಳಿ.

ಇಲ್ಲಿ ಒಂದು ನಿಮಿಷ ನಿಂತು, ಒಂದು ಟ್ಯಾಪ್ ಒಳಗಡೆ ಹೇಗೆ ನಡೆಯುತ್ತೆ ಅಂತ ನೋಡೋಣ. ಟೆಸ್ಟ್ ಪ್ರೋಗ್ರಾಮ್ ಫೋನಿಗೆ ಕೇಳುತ್ತೆ: ‘ಲಾಗಿನ್’ ಹೆಸರಿನ ಬಟನ್ ಇದೆಯಾ? ಫೋನ್ ವಂಶವೃಕ್ಷದಲ್ಲಿ ಹುಡುಕಿ, ಇದೆ, ಅದರ ಎಡ ಮೇಲ್ತುದಿ 84, 1200. ಬಲ ಕೆಳತುದಿ 996, 1344 ಅನ್ನುತ್ತೆ. ಪ್ರೋಗ್ರಾಮ್ ನಡುವಿನ ಬಿಂದು ಲೆಕ್ಕ ಹಾಕುತ್ತೆ. 84 ಮತ್ತು 996ರ ಮಧ್ಯ 540. 1200 ಮತ್ತು 1344ರ ಮಧ್ಯ 1272. ಆ ಬಿಂದುವಿನಲ್ಲಿ ಬೆರಳು ಕೆಳಗಿಟ್ಟಿತು ಅಂತ ಒಂದು ಸುದ್ದಿ, ಮೇಲೆತ್ತಿತು ಅಂತ ಇನ್ನೊಂದು ಸುದ್ದಿ ಕಳಿಸುತ್ತೆ. ಇದೇ ಟ್ಯಾಪ್. ನೋಡಿ, ಅಳತೆ ಹೋಗಿಲ್ಲ. ಆದರೆ ಅದನ್ನ ಮನುಷ್ಯ ಮುಂಚೆಯೇ ಬರೆದಿಡಲ್ಲ, ಹೆಸರಿನಿಂದ ಆ ಕ್ಷಣದಲ್ಲಿ ಲೆಕ್ಕ ಹಾಕ್ತಾರೆ.

ಇದರಲ್ಲೂ ಎಡವಟ್ಟು ಇದೆ. ಕೀಬೋರ್ಡ್ ಮೇಲೆದ್ದು ಬಟನ್ನನ್ನ ಮುಚ್ಚಿದ್ದರೆ ಟ್ಯಾಪ್ ಯಾವುದೋ ಅಕ್ಷರದ ಮೇಲೆ ಬೀಳುತ್ತೆ. ಬಟನ್ ಇನ್ನೂ ಮೂಡಿರದಿದ್ದರೆ ‘ಸಿಗಲಿಲ್ಲ’ ಅಂತ ಟೆಸ್ಟ್ ಸೋಲುತ್ತೆ. ಅದಕ್ಕೆ ಹಿಂದೆ ಎಲ್ಲರೂ ‘ಐದು ಸೆಕೆಂಡ್ ಸುಮ್ಮನೆ ಕಾಯಿ’ ಅಂತ ಬರೀತಿದ್ದರು. ನೆಟ್‌ವರ್ಕ್ ನಿಧಾನ ಇದ್ದ ದಿನ ಐದು ಸಾಲಲ್ಲ, ಚೆನ್ನಾಗಿದ್ದ ದಿನ ಐದೂ ದಂಡ. 2013ರಲ್ಲಿ ಗೂಗಲ್ ಹೊರಗೆ ತಂದ ಎಸ್‌ಪ್ರೆಸೊ ಅನ್ನೋ ಸಾಧನ, ಆ್ಯಪ್ ತನ್ನ ಕೆಲಸ ಮುಗಿಸಿ ಸುಮ್ಮನಾಗೋವರೆಗೆ ತಾನೇ ಕಾದು ಆಮೇಲೆ ಒತ್ತೋ ಹಾಗೆ ಮಾಡಿತು.

ಈ ಮಧ್ಯೆ ಇನ್ನೊಂದು ಸಮಸ್ಯೆ. ಐಫೋನಿಗೆ ಒಂದು ಭಾಷೆಯಲ್ಲಿ ಟೆಸ್ಟ್, ಆಂಡ್ರಾಯ್ಡ್‌ಗೆ ಇನ್ನೊಂದು ಭಾಷೆಯಲ್ಲಿ. ಒಂದೇ ಕೆಲಸ ಎರಡು ಸಲ. 2011ರಲ್ಲಿ ಜೂಸ್ಕ್ ಅನ್ನೋ ಡೇಟಿಂಗ್ ಆ್ಯಪ್ ಕಂಪನಿಯಲ್ಲಿದ್ದ ಡ್ಯಾನ್ ಕ್ವೆಯರ್ ಅನ್ನೋ ಪರೀಕ್ಷಕರಿಗೆ ಐಫೋನ್ ಟೆಸ್ಟ್‌ಗಳು ಸಾಕುಸಾಕಾಗಿದ್ದವು. ಆ್ಯಪಲ್ ಕೊಟ್ಟ ಸಾಧನಕ್ಕೆ ಹೊರಗಿನಿಂದ ಆಜ್ಞೆ ಕಳಿಸೋ ಒಂದು ಕಳ್ಳದಾರಿ ಅವರು ಕಂಡುಹಿಡಿದರು. 2012ರಲ್ಲಿ ಲಂಡನ್‌ನ ಸೆಲೆನಿಯಂ ಸಮ್ಮೇಳನದಲ್ಲಿ ಅದನ್ನ ತೋರಿಸಿದಾಗ ಕೇಳೋಕೆ ಬಂದವರಲ್ಲಿ ನಮ್ಮ ಪಾದರಸದ ಮದ್ದಿನ ಜೇಸನ್ ಹಗ್ಗಿನ್ಸ್ ಕೂಡ ಇದ್ದರು. ಇಬ್ಬರೂ ಕೈ ಜೋಡಿಸಿದರು. ಮೊದಲು ‘ಆ್ಯಪಲ್‌ಕಾರ್ಟ್’ ಅಂತ ಹೆಸರಿಟ್ಟರು. ಆ್ಯಪಲ್‌ನವರ ಟ್ರೇಡ್‌ಮಾರ್ಕ್ ನಿಯಮ ತೆಗೆದು ನೋಡಿದರೆ, ಇಡಬಾರದ ಹೆಸರಿನ ಉದಾಹರಣೆಯಲ್ಲೇ ಅದು ಇತ್ತಂತೆ! ಹಾಗಾಗಿ ಆ್ಯಪ್‌ಗಳ ಸೆಲೆನಿಯಂ, ‘ಆ್ಯಪಿಯಂ’ ಆಯ್ತು. ಎರಡೂ ಬಗೆಯ ಫೋನಿಗೆ ಅದೇ ವ್ಯಾಕರಣ: ಹುಡುಕು, ಒತ್ತು. ಅದು ಬಟನ್ ಹುಡುಕೋ ವಿಧಾನಗಳಲ್ಲಿ ಒಂದಕ್ಕೆ ಇವತ್ತಿಗೂ ‘ಆ್ಯಕ್ಸೆಸಿಬಿಲಿಟಿ ಐಡಿ’ ಅಂತಲೇ ಹೆಸರು. ಇತಿಹಾಸ ಪದದೊಳಗೇ ಕೂತಿದೆ.

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು. ಟೆಸ್ಟ್ ಬರೆಯೋರಿಗೆ ಹೆಸರು ಬೇಕು, ಅಂಧರಿಗೂ ಹೆಸರು ಬೇಕು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಲಾಭ. ಆದರೆ ಹಾಗಾಗಲಿಲ್ಲ.

ಟೆಸ್ಟ್ ಬರೆಯೋರಿಗೆ ಬೇಕಾದ್ದು ಬದಲಾಗದ ಹೆಸರು. ಜನರಿಗೆ ಬೇಕಾದ್ದು ಅರ್ಥವಾಗೋ ಹೆಸರು. ಇವೆರಡೂ ಒಂದೇ ಅಲ್ಲ. ಒಂದು ಉದಾಹರಣೆ ಕೊಡ್ತೀನಿ. ಬಟನ್ ಮೇಲೆ ‘ನೆಕ್ಸ್ಟ್’ ಅಂತ ಇಂಗ್ಲಿಷ್‌ನಲ್ಲಿದೆ, ಟೆಸ್ಟ್ ಅದೇ ಪದ ಹುಡುಕುತ್ತೆ. ನೀವು ಆ್ಯಪ್‌ನ ಭಾಷೆ ಕನ್ನಡಕ್ಕೆ ಬದಲಿಸಿದರೆ ಬಟನ್ ಮೇಲೆ ‘ಮುಂದೆ’ ಅಂತ ಬರುತ್ತೆ. ಟೆಸ್ಟ್‌ಗೆ ಬಟನ್ ಸಿಗಲ್ಲ. ಕನ್ನಡದ ಆ್ಯಪ್ ಸರಿಯಾಗೇ ಇದೆ, ಆದರೂ ಟೆಸ್ಟ್ ಫೇಲ್. ಕಂಪನಿಗಳು ಆಗ ಏನು ಮಾಡ್ತವೆ? ಎಷ್ಟೋ ಕಡೆ ಟೆಸ್ಟ್‌ಗಳನ್ನ ಇಂಗ್ಲಿಷ್‌ನಲ್ಲಿ ಮಾತ್ರ ಓಡಿಸ್ತಾರೆ. ಕನ್ನಡದಲ್ಲಿ ಪದ ಉದ್ದವಾಗಿ ಬಟನ್‌ನೊಳಗೆ ಅರ್ಧಕ್ಕೇ ಕತ್ತರಿಸಿ ಹೋಗಿದ್ದರೂ ಅದು ಯಾರ ಕಣ್ಣಿಗೂ ಬೀಳಲ್ಲ.

ಈ ತೊಂದರೆ ತಪ್ಪಿಸೋಕೆ ಕೆಲವರು ಇನ್ನೂ ವಿಚಿತ್ರ ದಾರಿ ಹಿಡಿದರು. ಟಾಕ್‌ಬ್ಯಾಕ್ ಓದೋ ವಿವರಣೆಯ ಜಾಗದಲ್ಲೇ ತಮ್ಮ ಗುರುತಿನ ಕೋಡ್ ತುಂಬಿದರು. ಟೆಸ್ಟ್ ಪಾಸಾಯ್ತು. ಆದರೆ ಕಣ್ಣು ಕಾಣದವರು ಆ ಬಟನ್ ಮುಟ್ಟಿದಾಗ ಫೋನ್ ‘ಲಾಗಿನ್’ ಅನ್ನಲಿಲ್ಲ. ‘ಬಿಟಿಎನ್ ಅಂಡರ್‌ಸ್ಕೋರ್ ಲಾಗಿನ್ ಅಂಡರ್‌ಸ್ಕೋರ್ ಸೊನ್ನೆ ಒಂದು’ ಅಂತು! ಅವರಿಗೆ ಕಟ್ಟಿದ ಮೆಟ್ಟಿಲ ಮೇಲೆ ರೋಬೋಟ್ ತನ್ನ ಸಾಮಾನು ಹರಡಿಕೊಂಡು ಕೂತಂತಾಯ್ತು.

ಆ್ಯಪಲ್ ಇದನ್ನ ಬೇಗ ಗಮನಿಸಿತು. 2011ರಲ್ಲಿ ಐಒಎಸ್ 5ರ ಜೊತೆ ‘ಐಡೆಂಟಿಫೈಯರ್’ ಅಂತ ಪ್ರತ್ಯೇಕ ಜಾಗ ಕೊಟ್ಟಿತು. ಇದು ಯಂತ್ರಕ್ಕೆ ಮಾತ್ರ, ವಾಯ್ಸ್‌ಓವರ್ ಓದಲ್ಲ. ಆಂಡ್ರಾಯ್ಡ್‌ನಲ್ಲೂ ಸ್ವಲ್ಪ ಕಾಲದ ನಂತರ, 4.3ರಿಂದ, ಡೆವಲಪರ್ ಕೊಟ್ಟ ಒಳ ಐಡಿಯಿಂದ ಬಟನ್ ಹುಡುಕಬಹುದಾಯ್ತು. ಒಳ್ಳೇ ಪರಿಹಾರ. ಭಾಷೆ ಬದಲಾದರೂ ಟೆಸ್ಟ್ ಕೆಡಲ್ಲ, ಕೋಡ್ ಯಾರ ಕಿವಿಗೂ ಬೀಳಲ್ಲ.

ಆದರೆ ನನ್ನ ಪ್ರಕಾರ ಇಡೀ ಕಥೆಯ ಗಂಟು ಇಲ್ಲೇ ಇದೆ. ಅಲ್ಲಿವರೆಗೆ ಬಾಗಿಲು ಒಂದೇ ಇತ್ತು. ಬಟನ್‌ಗೆ ಹೆಸರಿಲ್ಲದಿದ್ದರೆ ರೋಬೋಟ್‌ಗೂ ಸಿಗ್ತಿರಲಿಲ್ಲ. ಯಾರೋ ಇಂಜಿನಿಯರ್ ಬೈಕೊಂಡಾದರೂ ಹೆಸರಿಡ್ತಿದ್ದರು. ಈಗ ರೋಬೋಟ್‌ಗೆ ಹಿತ್ತಿಲ ಬಾಗಿಲು ಸಿಕ್ಕಿತು. ಮುಂಬಾಗಿಲು ಮುಚ್ಚಿದ್ದರೂ ಅದಕ್ಕೆ ಗೊತ್ತಾಗಲ್ಲ. ಟೆಸ್ಟ್‌ಗಳೆಲ್ಲ ಹಸಿರು, ವರದಿಯಲ್ಲಿ ನೂರಕ್ಕೆ ನೂರು. ಆದರೆ ಕಣ್ಣು ಕಾಣದವರು ಬೆರಳಿಟ್ಟರೆ ಫೋನ್ ಹೇಳೋದು ಬರೀ ‘ಬಟನ್’.

ಈ ಎಪಿಸೋಡ್‌ಗಾಗಿ ನಾನು ಒಂದು ಸಂಜೆ ಕಣ್ಣು ಮುಚ್ಚಿ, ಟಾಕ್‌ಬ್ಯಾಕ್ ಹಾಕ್ಕೊಂಡು, ದಿನಾ ಬಳಸೋ ಒಂದು ಆ್ಯಪ್‌ನಲ್ಲಿ ದಿನಸಿ ಕೊಳ್ಳೋಕೆ ಕೂತೆ. ಅಕ್ಕಿ, ಬೇಳೆ ಹೆಸರುಗಳನ್ನ ಚೆನ್ನಾಗೇ ಓದಿತು. ಪಕ್ಕದಲ್ಲಿ ಸೇರಿಸೋ ಗುರುತು, ಕಳೆಯೋ ಗುರುತು ಇರ್ತಾವಲ್ಲ, ಅವೆರಡಕ್ಕೂ ಒಂದೇ ಉತ್ತರ: ‘ಬಟನ್’, ‘ಬಟನ್’. ಯಾವುದು ಹೆಚ್ಚು ಮಾಡುತ್ತೆ, ಯಾವುದು ಕಡಿಮೆ ಮಾಡುತ್ತೆ? ಒತ್ತಿಯೇ ನೋಡಬೇಕು. ಕಣ್ಣು ತೆರೆದರೆ ನನಗೆ ಉತ್ತರ ಸಿಗುತ್ತೆ. ಆ ಅನುಕೂಲ ಇಲ್ಲದವರು ಪ್ರತಿ ದಿನ ಪ್ರತಿ ಆ್ಯಪ್‌ನಲ್ಲೂ ಹೀಗೆ ಅಂದಾಜಿನ ಮೇಲೆ ಬದುಕಬೇಕು. ದಿನಸಿಯಲ್ಲಿ ತಪ್ಪಾದರೆ ಒಂದು ಕೆಜಿ ಬೇಳೆ ಹೆಚ್ಚು ಬರುತ್ತೆ. ಬ್ಯಾಂಕ್ ಆ್ಯಪ್‌ನಲ್ಲಿ ತಪ್ಪಾದರೆ?

ಇದು ಬರೀ ಸೌಜನ್ಯದ ಮಾತಲ್ಲ. 2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಸಮಸ್ಯೆ ಇರುವವರು ಹೂಡಿದ್ದ ಪ್ರಕರಣ. ಮೊಬೈಲ್‌ನಲ್ಲಿ ಕೆವೈಸಿ ಮಾಡುವಾಗ ‘ಕಣ್ಣು ಮಿಟುಕಿಸಿ’ ಅನ್ನುತ್ತಲ್ಲ, ಮಿಟುಕಿಸೋಕೆ ಆಗದವರು ಏನು ಮಾಡಬೇಕು? ಡಿಜಿಟಲ್ ಸೇವೆಗಳನ್ನ ಬಳಸೋ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ, 20 ನಿರ್ದೇಶನ ಕೊಟ್ಟಿತು. ಅಂದರೆ ಹೆಸರಿಲ್ಲದ ಬಟನ್ ಇನ್ನು ಮುಂದೆ ಬರೀ ಸೋಮಾರಿತನ ಅಲ್ಲ, ಒಬ್ಬರ ಹಕ್ಕಿಗೆ ಹಾಕಿದ ಅಡ್ಡಿ.

‘ಈಗ ಎಐ ಬಂದಿದೆಯಲ್ಲ, ಅದು ಸ್ಕ್ರೀನ್ ನೋಡಿಯೇ ಬಟನ್ ಹುಡುಕುತ್ತೆ, ಹೆಸರು ಯಾಕೆ ಬೇಕು?’ ಅಂತ ನೀವು ಕೇಳಬಹುದು. ನೋಡಿ ಹುಡುಕೋ ಯಂತ್ರದ ಕನಸೂ ಹೊಸದಲ್ಲ. 2009ರಲ್ಲೇ ಎಂಐಟಿಯಲ್ಲಿ ಸಿಕುಲಿ ಅನ್ನೋ ಸಾಧನ ಮಾಡಿದ್ದರು. ಬಟನ್‌ನ ಚಿತ್ರ ಕೊಟ್ಟರೆ ಸ್ಕ್ರೀನ್‌ನಲ್ಲಿ ಅದೇ ಚಿತ್ರ ಹುಡುಕಿ ಒತ್ತೋದು. ಸಿಕುಲಿ ಅಂದರೆ ಮೆಕ್ಸಿಕೊದ ವಿಚೋಲ್ ಜನರ ಭಾಷೆಯಲ್ಲಿ ದೇವರ ಕಣ್ಣು. ಜೇಸನ್ ಹಗ್ಗಿನ್ಸ್ ಅಂತೂ 2011ರಲ್ಲಿ ನಿಜವಾದ ಗಾಜನ್ನ ಮುಟ್ಟಿ ಆ್ಯಂಗ್ರಿ ಬರ್ಡ್ಸ್ ಆಡೋ ರೋಬೋಟ್ ಕೈ ಮಾಡಿ ತೋರಿಸಿದ್ದರು. ಇವತ್ತಿನ ಎಐ ಸ್ಕ್ರೀನ್‌ಶಾಟ್ ನೋಡಿ, ಇದು ಲಾಗಿನ್ ಬಟನ್ ಅಂತ ಗುರುತಿಸಿ ಒತ್ತಬಲ್ಲದು. ಅದ್ಭುತವೇ. ಆದರೆ ನನ್ನ ಆತಂಕ ಇದು. ನೋಡಬಲ್ಲ ರೋಬೋಟ್‌ಗೆ ಹೆಸರೇ ಬೇಡ. ಹಿತ್ತಿಲ ಬಾಗಿಲೂ ಬೇಡ, ಅದು ಗೋಡೆ ಹಾರಿ ಬರುತ್ತೆ. ಆಗ ಮುಂಬಾಗಿಲು ಮುಚ್ಚಿದೆ ಅಂತ ಹೇಳೋರು ಯಾರು?

ಇದಕ್ಕೆ ಮದ್ದು ದೊಡ್ಡದೇನಲ್ಲ. ನಮ್ಮ ಕೇಳುಗರಲ್ಲಿ ಟೆಸ್ಟಿಂಗ್ ಮಾಡೋರು ಇದ್ದರೆ ನಿಮಗೆ ನನ್ನ ಒಂದು ವಿನಂತಿ. ಬಟನ್ ಹುಡುಕೋಕೆ ಐಡಿ ಬಳಸಿ, ತಪ್ಪಿಲ್ಲ. ಆದರೆ ಸಿಕ್ಕ ಮೇಲೆ ಇನ್ನೊಂದು ಸಾಲು ಬರೀರಿ: ಈ ಬಟನ್‌ಗೆ ಜನ ಕೇಳಿಸ್ಕೊಳ್ಳೋ ಹೆಸರು ಇದೆಯಾ? ಖಾಲಿ ಇದ್ದರೆ ಟೆಸ್ಟ್ ಫೇಲ್ ಆಗಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾಷೆಯನ್ನ ಕನ್ನಡಕ್ಕೆ ಬದಲಿಸಿ ಅದೇ ಪ್ರಶ್ನೆ ಕೇಳಿ. ಹೆಸರು ಕನ್ನಡದಲ್ಲಿ ಬಂತಾ, ಇಲ್ಲ ಇಂಗ್ಲಿಷ್‌ನಲ್ಲೇ ಉಳೀತಾ? ಇವೆರಡು ಸಾಲು ಬರೆಯೋಕೆ ಒಂದು ಕಾಫಿ ಕುಡಿಯೋ ಹೊತ್ತು ಸಾಕು.

ಟೆಸ್ಟಿಂಗ್ ಗೊತ್ತಿಲ್ಲದ ಉಳಿದವರಿಗೂ ಕೆಲಸ ಇದೆ. ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಆನ್ ಮಾಡಿ. ಆಫ್ ಮಾಡೋದು ಹೇಗೆ ಅಂತ ಮೊದಲೇ ತಿಳ್ಕೊಳ್ಳಿ, ಇಲ್ಲಾಂದ್ರೆ ಫೋನ್ ಹಿಡ್ಕೊಂಡು ಒದ್ದಾಡ್ತೀರಿ. ನಿಮಗೆ ಇಷ್ಟವಾದ ಆ್ಯಪ್ ತೆಗೆದು, ಬೆರಳು ಸರಿಸಿ ಕೇಳಿಸ್ಕೊಳ್ಳಿ. ಎಲ್ಲಿ ಬರೀ ‘ಬಟನ್’ ಅಂತ ಕೇಳಿಸುತ್ತೋ ಅದನ್ನ ಬರೆದಿಟ್ಟು ಆ್ಯಪ್ ಮಾಡಿದವರಿಗೆ ಕಳಿಸಿ. ಸ್ಟೋರ್‌ನಲ್ಲಿ ರಿವ್ಯೂ ಬರೆಯೋ ಜಾಗ ಇದ್ದೇ ಇದೆ. ರೋಬೋಟ್‌ಗಳು ಹೇಳದೆ ಬಿಟ್ಟದ್ದನ್ನ ಯಾರಾದರೂ ಹೇಳಬೇಕಲ್ವಾ?

ನಿಮಗೆ ಹೆಸರಿಲ್ಲದ ಬಟನ್ ಎಲ್ಲೆಲ್ಲಿ ಸಿಕ್ಕಿತು ಅಂತ ನಮಗೂ ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗ್ತೀನಿ. ಅಲ್ಲಿವರೆಗೆ, ನಮಸ್ಕಾರ.